ಬೀವರ್ ಹೊಂಡದ ಹಿಮಗಾಡಿ

ಹಾರ್ಲೋ ಊರಿನಲ್ಲಿ ಆರ್ವಿಲಾಳ ಗುಜರಿಗೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೆನಡಾದ ಗಡಿಗೆ ಹನ್ನೆರಡು ಮೈಲಿ ಈಚೆ, ಮೇಯ್ನ್ ರಾಜ್ಯದ ಆ ತುದಿಯಲ್ಲಿ, ಯಾರ ಹಿತ್ತಲಲ್ಲಿ ಯಾವ ಗಾಡಿ ಕೆಟ್ಟು ನಿಂತರೂ ಕೊನೆಗೆ ಬಂದು ಬೀಳುತ್ತಿದ್ದುದು ಅವಳ ಅಂಗಳಕ್ಕೇ. ಗಂಡ ಸತ್ತು ಒಂಬತ್ತು ವರ್ಷವಾಗಿತ್ತು. ಅವನ ಪ್ಯಾಂಟು, ಅವನ ರಬ್ಬರ್ ಬೂಟು, ಅವನ ಸ್ಪ್ಯಾನರುಗಳು ಇವಳ ಪಾಲಿಗೆ ಬಂದಿದ್ದವು. ಐವತ್ತಮೂರರ ಹೆಂಗಸು, ಮಂಡಿ ನೋವೆಂದು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ. ಮಣ್ಣು ಮೆತ್ತಿದ ಒಂದು ತುಂಡು ಕಬ್ಬಿಣ ಕೈಗಿಟ್ಟರೆ ಸಾಕು, ಹೆಬ್ಬೆರಳಿನಿಂದ ಉಜ್ಜಿ, "ಇಪ್ಪತ್ಮೂರರ ಫೋರ್ಡು, ಹಿಂದಿನ ಬ್ರೇಕಿನ ಸಲಾಕೆ. ಎಲ್ಲಿ ಕದ್ದೆ?" ಎಂದು ಕೇಳುತ್ತಿದ್ದಳು. ಅವಳ ಗುರುತು ತಪ್ಪಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

ಎಲ್ಲರ ಗಾಡಿಯ ಜಾತಕ ಬಲ್ಲ ಈ ಹೆಂಗಸು ಒಂದೇ ಒಂದು ಗಾಡಿಯ ಮಾತು ಬಂದರೆ ಮಾತ್ರ ಎದ್ದು ಹೋಗುತ್ತಿದ್ದಳು. ಅದು ಅವಳ ಅಪ್ಪನ ಹಿಮಗಾಡಿ.

ಅಪ್ಪ ಎಲ್ಬ್ರಿಜ್ ಹ್ಯಾಸ್ಕೆಲ್ ಟಪಾಲು ಹಂಚುವವನು. ನವೆಂಬರಿನಿಂದ ಏಪ್ರಿಲ್ ತನಕ ಎದೆಮಟ್ಟ ಹಿಮ ಬೀಳುವ ಸೀಮೆ ಅದು. ಕುದುರೆಯೇ ಹೂತುಹೋಗುವ ಕಡೆ ಮೋಟಾರು ಓಡಿಸುತ್ತೇನೆಂದರೆ ಜನ ನಗುತ್ತಿದ್ದರು. ಆದರೆ ಆ ಕಾಲದಲ್ಲಿ ಒಂದು ಬಗೆಯ ಸಾಮಾನು ಮಾರಾಟಕ್ಕೆ ಬಂದಿತ್ತು. ಫೋರ್ಡ್ ಟಿ ಗಾಡಿಯ ಮುಂದಿನ ಎರಡು ಚಕ್ರ ಬಿಚ್ಚಿ ಅಲ್ಲಿ ಉದ್ದನೆಯ ಜಾರುಹಲಗೆಗಳನ್ನು ಕೂರಿಸುವುದು, ಹಿಂದೆ ಇನ್ನೊಂದು ಜೊತೆ ಚಕ್ರ ಸೇರಿಸಿ, ಆಯಾ ಬದಿಯ ಎರಡು ಚಕ್ರಕ್ಕೂ ಸುತ್ತಿ ಉಕ್ಕಿನ ಪಟ್ಟಾ ಹಾಕುವುದು. ಆಗ ಅದೇ ಫೋರ್ಡು ಹಿಮದ ಮೇಲೆ ಗಡಗಡ ಎನ್ನುತ್ತ ಓಡುತ್ತಿತ್ತು. ಎಲ್ಬ್ರಿಜ್ ಎರಡು ಹಸು ಮಾರಿ ಅದನ್ನು ತರಿಸಿದ. ನಕ್ಕವರೆಲ್ಲ ಆ ಚಳಿಗಾಲದಲ್ಲಿ ಮಾತ್ರೆ, ದಾರ, ತಂಬಾಕು ತಂದುಕೊಡು ಎಂದು ಅವನ ಹಿಂದೆ ಬಿದ್ದರು.

ಅಂಥ ಗಾಡಿ ಸಾಕುವುದೆಂದರೆ ಎಳೆಗೂಸು ಸಾಕಿದ ಹಾಗೆ. ರೇಡಿಯೇಟರಿನಲ್ಲಿ ಇರುತ್ತಿದ್ದುದು ಬರೀ ನೀರು; ಹೆಪ್ಪುಗಟ್ಟದಿರಲೆಂದು ಸ್ಪಿರಿಟ್ಟು ಬೆರೆಸುವ ಗತಿ ಯಾರಿಗಿತ್ತು? ಚಳಿಯಲ್ಲಿ ಗಾಡಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರೂ ನೀರು ಗಡ್ಡೆಯಾಗಿ ಎಂಜಿನ್ನಿನ ಕಬ್ಬಿಣವನ್ನೇ ಸೀಳಿಬಿಡುತ್ತಿತ್ತು. ಹಾಗಾಗಿ ನಿಲ್ಲಿಸಿದ ಕೂಡಲೇ ಕೆಳಗಿನ ನಲ್ಲಿ ತಿರುಗಿಸಿ ನೀರನ್ನು ಬಕೆಟ್ಟಿಗೆ ಇಳಿಸಬೇಕು, ಬಕೆಟ್ಟನ್ನು ಒಲೆಯ ಪಕ್ಕ ಇಡಬೇಕು, ಹೊರಡುವಾಗ ಬಿಸಿ ಮಾಡಿ ಮತ್ತೆ ತುಂಬಬೇಕು. ಮನೆಯಲ್ಲಿ ಆ ಕೆಲಸ ಆರ್ವಿಲಾಳದು. "ಮೊದ್ಲು ಗಾಡಿ ನೀರು, ಆಮೇಲೆ ನಿನ್ ಕೈ ಕಾಯಿಸ್ಕೋ" ಎಂದು ಅಪ್ಪ ಹೇಳುತ್ತಿದ್ದ. ಅವನೂ ಹಾಗೆಯೇ ನಡೆದುಕೊಳ್ಳುತ್ತಿದ್ದ. ಒಮ್ಮೆ ಬಿರುಗಾಳಿಯಲ್ಲಿ ಬೆರಳುಗಳು ಬಿಳಿಚಿ ಮರದಂತಾಗಿ ಬಂದವನು, ಹೆಂಡತಿ ಬಾಗಿಲಲ್ಲಿ ನಿಂತು ಕೂಗುತ್ತಿದ್ದರೂ, ಅಂಗೈಯಿಂದ ಗುದ್ದಿ ಗುದ್ದಿ ನಲ್ಲಿ ತೆರೆದ ಮೇಲೇ ಒಳಗೆ ಕಾಲಿಟ್ಟಿದ್ದ.

ಸಾವಿರದ ಒಂಬೈನೂರ ಮೂವತ್ತೆರಡರ ಫೆಬ್ರವರಿಯ ಒಂದು ಬೆಳಿಗ್ಗೆ ಅವಳ ತಾಯಿ ಮರ್ಸಿಗೆ ದಿನ ತುಂಬುವ ಮೊದಲೇ ಹೆರಿಗೆ ನೋವು ಕಾಣಿಸಿಕೊಂಡಿತು. ಡಾಕ್ಟರಿದ್ದುದು ಹದಿನೇಳು ಮೈಲಿ ಆಚೆ. ಎಲ್ಬ್ರಿಜ್ ಕಾಡೆಮ್ಮೆ ತೊಗಲಿನ ದಪ್ಪ ಕೋಟು ತೊಟ್ಟು ಗಾಡಿಯೇರಿ ಹೊರಟ. ವಾಪಸು ಬಂದದ್ದು ಮರುದಿನ ಮಧ್ಯಾಹ್ನ, ನಡೆದುಕೊಂಡು, ಒಬ್ಬನೇ. ಡಾಕ್ಟರಿಲ್ಲ, ಗಾಡಿಯಿಲ್ಲ, ಮೈಮೇಲೆ ಕೋಟೂ ಇಲ್ಲ. ಎರಡೂ ಪಾದ ಹೆಪ್ಪುಗಟ್ಟಿ ಕಪ್ಪಾಗಿದ್ದವು. ಮರ್ಸಿ ಮತ್ತು ಮಗು ತೀರಿಹೋಗಿ ಆರು ಗಂಟೆಯಾಗಿತ್ತು.

ಆರು ಮೈಲಿ ಉಳಿಯುತ್ತದೆಂದು ಮರ ಸಾಗಿಸುವವರ ಹಳೆಯ ಕಾಡುದಾರಿ ಹಿಡಿದೆ, ತಗ್ಗಿನಲ್ಲಿ ಹಿಮದಡಿಯ ಬೊಡ್ಡೆಗೆ ಬಡಿದು ಎಡಗಡೆಯ ಜಾರುಹಲಗೆ ಮುರಿಯಿತು, ಅಲ್ಲಿಂದ ಓಡಿದೆ, ಬಿರುಗಾಳಿಯಲ್ಲಿ ದಾರಿ ತಪ್ಪಿ ಗುಡ್ಡದ ಇನ್ನೊಂದು ಬದಿಗೆ ಬಿದ್ದೆ ಎಂದು ಎಲ್ಬ್ರಿಜ್ ಹೇಳಿದ. ಮರ್ಸಿಯ ಅಣ್ಣ ಥರ್ಲೋ ಅದನ್ನು ಕಿವಿಗೂ ಹಾಕಿಕೊಳ್ಳಲಿಲ್ಲ. ಆಗ ದೇಶದಲ್ಲಿ ಕುಡಿತಕ್ಕೆ ನಿಷೇಧ. ಆ ಕಾಡುದಾರಿ ಗಡಿಯಾಚೆಯಿಂದ ಕಳ್ಳ ವಿಸ್ಕಿ ತರುವವರ ದಾರಿ. "ಕುಡ್ದು ಬಿದ್ದಿದ್ದ. ಗಾಡೀನೂ ಕುಡ್ದ, ಕೋಟೂ ಕುಡ್ದ. ಇಲ್ಲಿ ನನ್ ತಂಗಿ ಪ್ರಾಣ ಬಿಡ್ತಿದ್ಲು" ಎಂದು ಅಂಗಡಿಯಲ್ಲಿ ಎಲ್ಲರ ಮುಂದೆ ಹೇಳಿದ. ಥರ್ಲೋ ಊರಿನ ಆಡಳಿತ ನೋಡುವ ಮೂವರಲ್ಲಿ ಒಬ್ಬ. ಅವನು ಹೇಳಿದ ಮೇಲೆ ಉಳಿದವರು ಯೋಚಿಸುವ ಕಷ್ಟ ತೆಗೆದುಕೊಳ್ಳಲಿಲ್ಲ.

ಎಲ್ಬ್ರಿಜ್‌ನ ಕಾಲಿನ ಮೂರು ಬೆರಳು ಕತ್ತರಿಸಿದರು. ಕಾಲು ಊರುವ ಹಾಗಾದದ್ದು ಜೂನ್ ತಿಂಗಳಲ್ಲಿ. ಕುಂಟುತ್ತ ಗಾಡಿ ಹುಡುಕಿ ಹೋದರೆ ಅಲ್ಲಿ ತಗ್ಗೇ ಇರಲಿಲ್ಲ. ಹಿಮ ಕರಗಿದ ನೀರಿಗೆ ಬೀವರ್‌ಗಳು, ಹಲ್ಲಿನಿಂದ ಮರ ಕಡಿದು ನೀರಲ್ಲಿ ಗೂಡು ಮಾಡುವ ಆ ಪ್ರಾಣಿಗಳು, ಕಡ್ಡಿ ಕೆಸರಿನ ಕಟ್ಟೆ ಹಾಕಿ ದೊಡ್ಡ ಹೊಂಡ ಮಾಡಿಟ್ಟಿದ್ದವು. ಗಾಡಿ ನೀರಿನೊಳಗಿದೆ ಎಂದು ಬಂದು ಹೇಳಿದ. ಅಂಗಡಿಯಲ್ಲಿ ಬಿದ್ದು ಬಿದ್ದು ನಕ್ಕರು. "ಎಲ್ಬ್ರಿಜ್ ಗಾಡೀನ ಬೀವರ್ ತಿಂದ್ವಂತೆ ಕಣ್ರೋ!" ಅವತ್ತಿನಿಂದ ಆ ಊರಿನಲ್ಲಿ ಏನು ಕಳೆದರೂ, ಕೊಡಲಿಯಾಗಲಿ ಕುರಿಯಾಗಲಿ, ಬೀವರ್ ತಿಂತು ಎನ್ನುವುದು ರೂಢಿಯಾಯಿತು.

ಆಗ ಆರ್ವಿಲಾಗೆ ಹನ್ನೊಂದು ವರ್ಷ, ಥರ್ಲೋ ಮಾವನ ಮನೆಯಲ್ಲಿದ್ದಳು. ಅಪ್ಪ ಅಲ್ಲಿಗೆ ಬಂದು ಅವಳೊಬ್ಬಳನ್ನೇ ಕರೆದುಕೊಂಡು ಹೋದ. ಎರವಲು ದೋಣಿಯಲ್ಲಿ ಹೊಂಡದ ನಡುವೆ ಹೋಗಿ, ಕಬ್ಬಿಣದ ಮೊನೆಯ ಉದ್ದ ಕೋಲನ್ನು ನೀರಿಗೆ ಇಳಿಸಿದ. ಚಹಾದ ಬಣ್ಣದ ನೀರು, ಒಂದು ಗೇಣು ಕೆಳಗಿನದೂ ಕಾಣುತ್ತಿರಲಿಲ್ಲ. ಏಳೆಂಟು ಸಲ ಕೋಲು ಕೆಸರಿಗೆ ಹೋಯಿತು. ಆಮೇಲೆ ಟಣ್ ಎಂದಿತು.

"ಕೇಳಿಸ್ತಾ ಮಗಾ? ಬಾನೆಟ್ಟು ಅದು."

ಅವಳು ತಲೆಯಾಡಿಸಿದಳು.

"ನನ್ ಜೊತೆ ಬನ್ನಿ ಅಂದ್ರೆ ಒಬ್ರೂ ಬರ್ಲಿಲ್ಲ. ನೀನು ಕೇಳಿಸ್ಕೊಂಡ್ಯಲ್ಲ, ಸಾಕು ಬಿಡು" ಎಂದ ಅಪ್ಪ.

ಶನಿವಾರ ಸಂಜೆ ಅಂಗಡಿಯಲ್ಲಿ ಅಪ್ಪನೂ ಸೇರಿ ಟಪಾಲಿಗೆ ಕಾದು ನಿಂತ ಹತ್ತು ಹನ್ನೆರಡು ಜನರೆದುರು ಥರ್ಲೋ ಮಾವ ಕೇಳಿಯೇಬಿಟ್ಟ. "ಏನಂತೆ, ಸಾಕ್ಷಿ ಇದೆಯಂತಲ್ಲ? ಹೇಳಮ್ಮ ಆರ್ವಿಲಾ. ಏನ್ ಕೇಳಿಸ್ತು ನಿಂಗೆ?"

ಅಪ್ಪ ಅವಳ ಮುಖ ನೋಡಿದ. ಅವಳಿಗೆ ಆ ಹೊತ್ತಿನಲ್ಲಿ ನೆನಪಾದದ್ದು ತಾಯಿ. ಆ ಇಡೀ ದಿನ ಮರ್ಸಿ ಮಂಚದಲ್ಲಿ ಹೊರಳುತ್ತ, ಘಳಿಗೆಗೊಮ್ಮೆ, "ಗಾಡಿ ಸದ್ದು ಬಂತಾ ನೋಡೇ" ಎನ್ನುತ್ತಿದ್ದಳು. ಇವಳು ಕಿಟಕಿಗೆ ಓಡಿಹೋಗಿ ಬಂದು, "ಬಂತಮ್ಮ, ಇನ್ನೇನ್ ತಿರುವಿನಲ್ಲಿದೆ" ಎಂದು ಸುಳ್ಳು ಹೇಳುತ್ತಿದ್ದಳು. ಹಾಗೆ ಎಷ್ಟು ಸಲ ಸುಳ್ಳು ಹೇಳಿಸಿದ್ದ ಈ ಅಪ್ಪ! ಬರಲಿಲ್ಲವಲ್ಲ ನೀನು, ಅನುಭವಿಸು ಎಂದುಕೊಂಡಳು.

"ಕಲ್ಲು" ಎಂದಳು ಆರ್ವಿಲಾ. "ಕಲ್ಲಿಗೆ ತಗುಲಿದ ಸದ್ದು."

ಎಲ್ಬ್ರಿಜ್ ಜಗಳವಾಡಲಿಲ್ಲ. ಟೊಪ್ಪಿ ತಲೆಗಿಟ್ಟುಕೊಂಡು ಹೊರಗೆ ಹೋದ. ಗಾಡಿಯಿಲ್ಲದೆ ಟಪಾಲಿನ ಕೆಲಸ ಹೋಯಿತು. ಆಲೂಗಡ್ಡೆ ಹೊಲದಲ್ಲಿ, ಮರ ಕೊಯ್ಯುವ ಮಿಲ್ಲಿನಲ್ಲಿ ಕೂಲಿ ಮಾಡಿ, ಕೊನೆಗೆ ಊರಿನವರು ದಿಕ್ಕಿಲ್ಲದವರಿಗೆಂದು ನಡೆಸುತ್ತಿದ್ದ ಮನೆ ಸೇರಿ, ನಲವತ್ತೇಳರಲ್ಲಿ ಅಲ್ಲೇ ಸತ್ತ. ಬೀದಿಯಲ್ಲಿ ಎದುರಾದರೆ ಸ್ವಂತ ಮಗಳಿಗೆ, ಯಾರೋ ಹೊರಗಿನ ಹೆಂಗಸಿಗೆ ಮಾಡುವ ಹಾಗೆ, ಟೊಪ್ಪಿ ಎತ್ತಿ ಮುಂದೆ ಹೋಗುತ್ತಿದ್ದ. ಅವಳು ಪ್ರತಿ ಕ್ರಿಸ್‌ಮಸ್ಸಿಗೆ ಉಣ್ಣೆಯ ಕಾಲುಚೀಲ ಹೆಣೆದು ಬೇರೆಯವರ ಕೈಲಿ ಕಳಿಸುತ್ತಿದ್ದಳು. ತಾನಾಗಿ ಒಮ್ಮೆಯೂ ಹೋಗಲಿಲ್ಲ. ಬರಬರುತ್ತ ಅದು ಕಲ್ಲೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ವರ್ಷಗಟ್ಟಲೆ ಹೇಳಿಕೊಂಡರೆ ಯಾವ ಸುಳ್ಳಾದರೂ ಒಂದಿಷ್ಟು ಒಗ್ಗಿಕೊಳ್ಳುತ್ತದೆ.

ಎಪ್ಪತ್ನಾಲ್ಕರ ಅಕ್ಟೋಬರಿನಲ್ಲಿ ಓವಿಡ್ ಪೆಲ್ಟಿಯೇ ಎಂಬವನು ಅವಳ ಅಡುಗೆಮನೆಗೆ ಬಂದ. ಪಕ್ಕದ ಊರಿನ ಫ್ರೆಂಚರವನು, ಬೋನು ಹಾಕಿ ಬೀವರ್ ಹಿಡಿಯುವವನು. ಮರದ ಕಂಪನಿಯ ಹೊಸ ರಸ್ತೆಗೆ ನೀರು ನುಗ್ಗುತ್ತದೆಂದು ಹಳೆಯ ಹೊಂಡದ ಕಟ್ಟೆ ಒಡೆಯುವ ಕೆಲಸ ಅವನಿಗೆ ಸಿಕ್ಕಿತ್ತು.

"ಆರ್ವಿಲಾ, ಒಂದು ಸಾಮಾನು ಸಿಕ್ಕಿದೆ. ಏನಂತ ನೀನೇ ಹೇಳ್ಬೇಕು."

"ತೋರ್ಸು."

"ತೋರ್ಸಕ್ಕೆ ಅದೇನ್ ಮೊಲಾನಾ, ಚೀಲದಲ್ಲಿ ಹಾಕ್ಕೊಂಡು ಬರಕ್ಕೆ? ಮೋಟಾರು ಕಣೇ. ನೀರು ಇಳೀತು, ಕೆಸರಲ್ಲಿ ನಿಂತಿದೆ. ಆದ್ರೆ ಮುಂದೆ ಚಕ್ರಾನೇ ಇಲ್ಲ. ಹಿಂದೆ ನೋಡಿದ್ರೆ ನಾಲ್ಕು. ಸುತ್ತ ಕಬ್ಬಿಣದ ಪಟ್ಟಾ. ನಂಗೆ ಯುದ್ಧದ ಟ್ಯಾಂಕು ಅನ್ನಿಸ್ತು."

ಕಾಫಿ ಲೋಟ ಅವಳ ಕೈಯಲ್ಲೇ ಇತ್ತು. ಅದನ್ನು ಕೆಳಗಿಡಲು ಎರಡು ಸಲ ಜಾಗ ಹುಡುಕಿದಳು.

"ಯಾವ ಹೊಂಡ?"

"ಹಳೇ ಕಾಡುದಾರಿ ತಗ್ಗಿಂದು. ಯಾಕೆ, ಮುಖ ಯಾಕ್ ಹಾಗಾಯ್ತು?"

"ಬೂಟ್ ಹಾಕ್ಕೋತೀನಿ ಇರು" ಎಂದಳು.

ತಗ್ಗಿನಲ್ಲಿ ಮೊಣಕಾಲುದ್ದ ಕಪ್ಪು ಕೆಸರು, ಸತ್ತ ಮರದ ಬೊಡ್ಡೆಗಳು. ಗಾಡಿ ಮೂತಿ ತಗ್ಗಿಸಿಕೊಂಡು ಎಡಕ್ಕೆ ವಾಲಿ ನಿಂತಿತ್ತು. ಚಾವಣಿಯ ಬಟ್ಟೆ ಕೊಳೆತು ಹೋಗಿತ್ತು, ಮರದ ಕಟ್ಟು ಮಾತ್ರ ಆ ಕಂದು ನೀರಿನಲ್ಲಿ ಕೆಡದೆ ಉಳಿದಿತ್ತು. ಆರ್ವಿಲಾ ಅದನ್ನು ಬೇರೆ ಯಾವುದೋ ಗಿರಾಕಿಯ ಗಾಡಿ ಎನ್ನುವಂತೆ ನೋಡಲು ಹಟ ಹಿಡಿದಳು. ರೇಡಿಯೇಟರಿನ ಎತ್ತರ ಗೇಣಿನಲ್ಲಿ ಅಳೆದು ಇಪ್ಪತ್ನಾಲ್ಕರದು ಎಂದಳು. ಪಟ್ಟಾದ ಒಂದು ಕೊಂಡಿಯ ಕೆಸರು ಕೆರೆದು, ಕಾರ್ಖಾನೆಯದೇ, ಹಳ್ಳಿ ಕಮ್ಮಾರನ ಕೆಲಸವಲ್ಲ ಎಂದಳು. "ಇಂಥವು ಈ ಸೀಮೇಲಿ ಮೂರೋ ನಾಲ್ಕೋ ಇದ್ವು. ಒಂದು ಡಾಕ್ಟರದು, ಒಂದು ಹಾಲಿನೋನದು..." ಎನ್ನುತ್ತ ಬಲಗಡೆಯ ಬಾಗಿಲಿಗೆ ಬಂದು ಕೆಸರು ಒರೆಸಿದಳು.

ಆ ಬಾಗಿಲಿಗೆ ಮೇಲೆ ಕೂತಿದ್ದುದು ಫೋರ್ಡಿನ ಕೀಲಲ್ಲ, ದನದ ಕೊಟ್ಟಿಗೆಯ ಬಾಗಿಲ ಕೀಲು. ಕಾರ್ಖಾನೆಯದು ಮುರಿದಾಗ ಅಪ್ಪ ಹಾಕಿದ್ದು. ಮೂರು ಬೋಲ್ಟು ಬಿಗಿಯುವ ತನಕ ಬಾಗಿಲನ್ನು ಭುಜಕೊಟ್ಟು ಎತ್ತಿ ಹಿಡಿದವಳು ಅವಳೇ.

"ಯಾರದು ಅಂತ ಗೊತ್ತಾಯ್ತಾ?" ಎಂದ ಓವಿಡ್.

"ನಮ್ಮಪ್ಪಂದು."

ಓವಿಡ್ ಟೊಪ್ಪಿ ತೆಗೆದ. ಬೀವರ್ ತಿಂದ ಗಾಡಿಯ ನಗೆಮಾತು ಅವನ ಊರಿಗೂ ಹೋಗಿತ್ತು. ಅದು ಈ ಹೆಂಗಸಿನ ತಂದೆಯದೆಂದು ಅವನಿಗೆ ಗೊತ್ತಿರಲಿಲ್ಲ.

ಎಡಗಡೆಯ ಜಾರುಹಲಗೆ ಮೊಳಕಾಲಿನಂತೆ ಮಡಚಿ ಮುರಿದಿತ್ತು. ಮುಂದೆಯೇ ಬೊಡ್ಡೆ. ಸೀಟಿನ ಮೇಲೆ ಕೆಸರಿನ ಮುದ್ದೆಯಂತೆ ಬಿದ್ದದ್ದನ್ನು ಓವಿಡ್ ಕೋಲಿನಿಂದ ಎತ್ತಿದ; ತೊಗಲು, ರೋಮ, ಹಿತ್ತಾಳೆಯ ಐದು ಕೊಂಡಿ. ಕಾಡೆಮ್ಮೆ ಕೋಟು. ಹತ್ತೊಂಬತ್ತು ಪೌಂಡು ತೂಗುವ ಕೋಟು ತೊಟ್ಟು ಸೊಂಟದುದ್ದ ಹಿಮದಲ್ಲಿ ಯಾವ ಗಂಡಸೂ ಓಡಲಾರ. ಕಳಚಿ ಎಸೆದು ಓಡಿದ್ದ.

ಆರ್ವಿಲಾ ಕೆಸರಿನಲ್ಲಿ ಮಲಗಿದಳು. ರೇಡಿಯೇಟರಿನ ಕೆಳಗೆ ಕೈಹಾಕಿ, ಕಣ್ಣು ಮುಚ್ಚಿಕೊಂಡು, ನಲವತ್ತೆರಡು ವರ್ಷದ ಹಿಂದೆ ದಿನಾ ಹುಡುಕುತ್ತಿದ್ದ ಹಾಗೆ ಬೆರಳಿನಿಂದ ಹುಡುಕಿದಳು. ಸಿಕ್ಕಿತು. ನಲ್ಲಿ ಮುಚ್ಚಿಯೇ ಇತ್ತು.

"ಎಂಜಿನ್ನು ಸೀಳಿದೆ" ಎಂದ ಓವಿಡ್, ಬಾನೆಟ್ಟು ಎತ್ತಿ ನೋಡುತ್ತ. "ಇಷ್ಟು ವರ್ಷ ನೀರಲ್ಲಿದ್ರೆ ಸೀಳದೆ ಇರುತ್ತಾ?"

"ಸೀಳಿದ್ದು ಬಿಡು. ನೀರು ಬಿಟ್ಟಿಲ್ಲ ಅವ್ನು." ಅವಳು ಮಲಗಿದಲ್ಲಿಂದಲೇ ಹೇಳಿದಳು. "ಎರಡು ಹಸು ಮಾರಿ ತಂದ ಗಾಡಿ. ಬೆರಳು ಸತ್ತುಹೋಗಿದ್ರೂ ನೀರು ಬಿಡದೆ ಒಳಗೆ ಬಂದೋನಲ್ಲ. ಒಂದು ನಿಮಿಷದ ಕೆಲ್ಸ ಓವಿಡ್, ಬರೀ ಒಂದು ನಿಮಿಷ. ಅದಕ್ಕೂ ಅವತ್ತು ಅವ್ನು ನಿಲ್ಲಿಲ್ಲ."

ಓವಿಡ್ ಅವಳನ್ನು ಎಬ್ಬಿಸಲು ಕೈಚಾಚಿದ. ಅವಳು ಹಿಡಿಯಲಿಲ್ಲ. ಅತ್ತಳು, ಚೆನ್ನಾಗಿಯೇ ಅತ್ತಳು, ಕೆಸರಿನಲ್ಲಿ ಬಿದ್ದುಕೊಂಡು, ಮೂಗು ಸೊರಗುಟ್ಟಿಸುತ್ತ. ಅಪ್ಪನಿಗಾಗಿ ಪಟ್ಟ ದುಃಖಕ್ಕಿಂತ ತನ್ನ ಮೇಲಿನ ಅಸಹ್ಯವೇ ಹೆಚ್ಚಾಗಿತ್ತು.

ಕೆಸರಿನಿಂದ ಗಾಡಿ ಎಳೆದರೆ ಅರ್ಧ ಅಲ್ಲೇ ಉಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಜನವರಿ ಬರಲಿ ಎಂದು ಕಾದಳು. ತಗ್ಗೆಲ್ಲ ಕಲ್ಲಿನಂತೆ ಗಟ್ಟಿಯಾದ ಮೇಲೆ, ಹಿಂದೆ ಕೆರೆಯ ಮಂಜುಗಡ್ಡೆ ಕೊಯ್ಯಲು ಬಳಸುತ್ತಿದ್ದ ಆಳೆತ್ತರದ ಗರಗಸ ಹಿಡಿದು, ಅವಳೂ ಓವಿಡನೂ ನಾಲ್ಕು ದಿನ ಗಾಡಿಯ ಸುತ್ತ ಕೊಯ್ದರು. ಗಡ್ಡೆ ಸಮೇತ ಅದನ್ನು ಮರ ಸಾಗಿಸುವ ಜಾರುಬಂಡಿಗೆ ಹತ್ತಿಸಿ, ಟ್ರ್ಯಾಕ್ಟರಿನಿಂದ ಎಳೆಸಿ ತಂದು ಅವಳ ಶೆಡ್ಡಿನಲ್ಲಿ ಇಳಿಸಿದರು. ಒಲೆ ಹೊತ್ತಿಸಿ ಕರಗಿಸಲು ಎರಡು ವಾರ ಹಿಡಿಯಿತು. ಸುದ್ದಿ ಹೇಗೋ ಹೋಗಿ ಬಾಸ್ಟನ್ನಿನಿಂದ ಒಬ್ಬ ಬಂದು, ಸೀಳಿದ ಎಂಜಿನ್ನು ಬದಲಿಸಿ ಬಣ್ಣ ಹೊಡೆದು ಮೆರವಣಿಗೆಯಲ್ಲಿ ಓಡಿಸುತ್ತೇನೆ, ಕೊಡುತ್ತೀರಾ ಎಂದ. ಬಂದ ದಾರಿ ಹಿಡಿ ಎಂದು ಆರ್ವಿಲಾ ಬಾಗಿಲು ಹಾಕಿಕೊಂಡಳು.

ಥರ್ಲೋ ಮಾವನಿಗೆ ಆಗ ಎಂಬತ್ನಾಲ್ಕು. ಹೆಂಡತಿ ಸತ್ತ ಮೇಲೆ ಒಬ್ಬನೇ ಇದ್ದ. ಪ್ರತಿ ಭಾನುವಾರ ಆರ್ವಿಲಾ ಅವನಿಗೆ ಸೂಪು ತಂದು ಬಿಸಿಮಾಡಿ ಕೊಡುತ್ತಿದ್ದಳು. ಆ ಭಾನುವಾರವೂ ತಂದಳು. ಅವನ ಎದುರು ಬಟ್ಟಲಿಟ್ಟು, ಅದರ ಪಕ್ಕ ಕೋಟಿನ ಹಿತ್ತಾಳೆ ಕೊಂಡಿ ಒಂದನ್ನು ಇಟ್ಟಳು.

"ಅಪ್ಪನ ಗಾಡಿ ಸಿಕ್ತು ಮಾವ. ಹೊಂಡದಲ್ಲೇ ಇತ್ತು. ಕೋಟೂ ಇತ್ತು."

ಥರ್ಲೋ ಕೊಂಡಿ ನೋಡಿದ. ಚಮಚ ಎತ್ತಿಕೊಂಡು ಸೂಪು ಕುಡಿದ.

"ಉಪ್ಪು ಕಮ್ಮಿಯಾಗಿದೆ" ಎಂದ.

"ಅವ್ನು ಕುಡ್ದಿರ್ಲಿಲ್ಲ. ಮಾರೂ ಇರ್ಲಿಲ್ಲ. ಅವ್ನು ಹೇಳಿದ್ದೆಲ್ಲ ನಿಜ."

"ಗೊತ್ತು."

"ಏನ್ ಗೊತ್ತು?"

"ಆ ಜುಲೈನಲ್ಲಿ ನಾನೊಬ್ನೇ ಹೋಗಿದ್ದೆ. ಕೋಲು ಹಾಕ್ದೆ. ಬಾನೆಟ್ಟು ಸಿಕ್ತು, ಹಿಂದೆ ಪಟ್ಟಾನೂ ಸಿಕ್ತು." ಮುದುಕ ಬಾಯಿ ಒರೆಸಿಕೊಂಡ. "ಬಂದು ಹೇಳ್ಬೇಕು ಅಂತಾನೇ ಇದ್ದೆ. ಆದ್ರೆ ನಮ್ ಮರ್ಸಿ ಸತ್ತಿದ್ಲು ಕಣೇ. ಯಾರ ತಪ್ಪೂ ಅಲ್ಲ ಅಂದ್ಬಿಟ್ರೆ ನಾನು ಯಾರ್ ಮೇಲೆ ಸಿಟ್ಟು ಮಾಡ್ಲಿ? ದೇವ್ರ ಮೇಲಾ?"

"ಹದಿನೈದು ವರ್ಷ ಬದುಕಿದ್ದ ಅವ್ನು. ದಿಕ್ಕಿಲ್ಲದೋರ ಮನೇಲಿ ಸತ್ತ."

"ನಾನು ಅಂದಿದ್ದು ಕೋಪದಲ್ಲಿ. ನನ್ ಮಾತು ಜನ ಮರೀತಿದ್ರು. ಅವ್ನ ಹೊಟ್ಟೇಲಿ ಹುಟ್ಟಿದ ಮಗ್ಳೇ ಕಲ್ಲು ಅಂದ್ಲಲ್ಲ, ಅದನ್ನ ಯಾರು ಮರೀತಾರೆ?" ಥರ್ಲೋ ಅವಳನ್ನು ನೋಡಿದ, ಕೋಪವಿಲ್ಲದೆ. "ನಿಂಗೂ ಕೇಳಿಸಿತ್ತು. ನಿನ್ ಮುಖ ನೋಡ್ದಾಗ್ಲೇ ನಂಗೆ ಗೊತ್ತಾಯ್ತು. ನಾನೂ ಸುಮ್ನಿದ್ದೆ, ನೀನೂ ಸುಮ್ನಿದ್ದೆ. ಈಗ್ಯಾಕೆ ಬಿಡು. ಸೂಪು ಆರ್ತಾ ಇದೆ, ಇನ್ನೊಂಚೂರು ಹಾಕು."

ಅವಳು ಹಾಕಿದಳು. ತನ್ನ ಕೈ ಹಾಗೆ ಬಡಿಸಿದ್ದನ್ನು ನೆನೆದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಮನೆ ಮುಟ್ಟುವಷ್ಟರಲ್ಲಿ ಒಂದು ನಿಶ್ಚಯಕ್ಕೆ ಬಂದಿದ್ದಳು. ಸುಳ್ಳು ಹೇಳಿದ್ದು ಊರೆದುರು. ಅದನ್ನು ಒಪ್ಪಿಕೊಳ್ಳಬೇಕಾದದ್ದೂ ಊರೆದುರೇ.

ಮಾರ್ಚ್ ಮೊದಲ ಸೋಮವಾರ ಹಾರ್ಲೋದಲ್ಲಿ ಊರಸಭೆ. ವರ್ಷಕ್ಕೊಮ್ಮೆ ಮತವಿದ್ದ ಪ್ರತಿಯೊಬ್ಬರೂ ಸೇರಿ, ರಸ್ತೆಗೆಷ್ಟು ಮರಳು, ಶಾಲೆಗೆಷ್ಟು ಸೌದೆ ಎಂದು ಒಂದೊಂದಾಗಿ ಕೈಯೆತ್ತಿ ತೀರ್ಮಾನಿಸುವ ದಿನ. ಯಾರು ಏನು ಬೇಕಾದರೂ ಎದ್ದು ಹೇಳಬಹುದು. ಆದರೆ ಪುಸ್ತಕದಲ್ಲಿ ಬರೆಯಬೇಕಾದರೆ ಅದು ಠರಾವಾಗಬೇಕು, ಇನ್ನೊಬ್ಬರು ಅನುಮೋದಿಸಬೇಕು. ಅನುಮೋದನೆ ಇಲ್ಲದ ಮಾತು ಆಡದ ಮಾತು. ಹಿಂದಿನ ಕೋಣೆಯಲ್ಲಿ ಹೆಂಗಸರು ಬೆಲ್ಲದ ಪಾಕದಲ್ಲಿ ಬೀನ್ಸ್ ಕಾಳು ಬೇಯಿಸುತ್ತಿದ್ದರು, ಅದರ ವಾಸನೆ ಸಭೆಗೆಲ್ಲ ಹರಡಿತ್ತು. ಥರ್ಲೋ ಎಂದಿನಂತೆ ಮುಂದಿನ ಸಾಲಿನಲ್ಲಿ, ಕೋಲಿನ ಮೇಲೆ ಕೈಯೂರಿ ಕೂತಿದ್ದ.

ಅಧ್ಯಕ್ಷತೆ ವಹಿಸಿದ್ದವನು ಶಾಲೆಯ ಬಸ್ಸು ಓಡಿಸುವ ಫ್ಲೆಚರ್, ಮೂವತ್ತೈದರ ಹುಡುಗ. ಬೇರೆ ವಿಷಯವೇನಾದರೂ ಇದೆಯೇ ಎಂದು ಅವನು ಕೇಳಿದಾಗ ಆರ್ವಿಲಾ ಎದ್ದಳು. ಗಂಡನ ಪ್ಯಾಂಟಿನ ಬದಲು ಅವತ್ತು ಲಂಗ ತೊಟ್ಟಿದ್ದಳು.

"ಮೂವತ್ತೆರಡರಲ್ಲಿ ನಮ್ಮಪ್ಪ ಎಲ್ಬ್ರಿಜ್ ಹ್ಯಾಸ್ಕೆಲ್ ಹಿಮಗಾಡಿ ಮಾರ್ಕೊಂಡು ಕುಡ್ದ ಅಂತ ಈ ಊರು ಹೇಳ್ತು. ಗಾಡಿ ನನ್ ಶೆಡ್ಡಲ್ಲಿದೆ, ಯಾರು ಬೇಕಾದ್ರೂ ಬಂದು ನೋಡಿ. ಅವ್ನು ಹೇಳಿದ ಜಾಗದಲ್ಲೇ ಇತ್ತು, ಅವ್ನು ಹೇಳಿದ ಹಾಗೇ ಮುರಿದಿತ್ತು. ನೀರು ಬಿಡಕ್ಕೂ ನಿಲ್ದೆ ಓಡಿದ್ದಾನೆ." ಹಳಬರಲ್ಲಿ ನಾಲ್ಕೈದು ಜನ ತಲೆ ಎತ್ತಿದರು, ನೀರು ಬಿಡದೆ ಎಂದರೆ ಏನೆಂದು ಅವರಿಗೆ ಗೊತ್ತಿತ್ತು. "ಹೊಂಡದಲ್ಲಿ ಕೋಲು ಹಾಕ್ದಾಗ ನಂಗೆ ಕಬ್ಬಿಣದ ಸದ್ದು ಕೇಳಿಸಿತ್ತು. ನಾನು ಕಲ್ಲು ಅಂದೆ. ಸುಳ್ಳು ಹೇಳ್ದೆ. ಎಲ್ಬ್ರಿಜ್ ಹ್ಯಾಸ್ಕೆಲ್ ಹೇಳಿದ್ದು ನಿಜ ಅಂತ ಊರಿನ ಪುಸ್ತಕದಲ್ಲಿ ಬರೀಬೇಕು ಅಂತ ನನ್ನ ಠರಾವು."

ಚಿಕ್ಕವರು, ಯಾರು ಈ ಎಲ್ಬ್ರಿಜ್ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೊತ್ತಿದ್ದ ಹಳಬರು ಥರ್ಲೋನ ಬೆನ್ನು ನೋಡಿದರು. ಸತ್ತವಳು ಅವನ ತಂಗಿ, ದೂರು ಅವನದು. ಒಂದು ಮನೆತನದ ಜಗಳದಲ್ಲಿ ಆ ಮನೆಯ ಹಿರಿಯ ಬಾಯಿ ತೆರೆಯುವ ಮೊದಲು ಇನ್ನೊಬ್ಬರು ಕೈಯಿಡುವ ರೂಢಿ ಆ ಊರಿನಲ್ಲಿಲ್ಲ. ಮರ್ಯಾದೆ ಎಂದು ಅದಕ್ಕೆ ಅವರು ಹೆಸರಿಟ್ಟಿದ್ದರು. ಹೇಡಿತನಕ್ಕೆ ಎಂಥೆಂಥ ಒಳ್ಳೆಯ ಹೆಸರುಗಳಿವೆ!

"ಅನುಮೋದಿಸೋರು ಇದ್ದಾರಾ?" ಎಂದ ಫ್ಲೆಚರ್.

"ನಾನಿದೀನಿ" ಎಂದು ಬಾಗಿಲ ಬಳಿಯಿಂದ ಓವಿಡ್ ಕೈಯೆತ್ತಿದ.

"ನೀನು ಈ ಊರಿನ ಮತದಾರ ಅಲ್ವಲ್ಲಪ್ಪ ಓವಿಡ್."

ಯಾರೋ ಕಿಸಕ್ಕೆಂದರು. ಫ್ಲೆಚರ್ ಎರಡನೇ ಸಲ ಕೇಳಿದ. ಆರ್ವಿಲಾ ಮಾವನ ಕಡೆಗೇ ತಿರುಗಿ ನಿಂತಳು. ಬೇರೆ ಯಾರ ಮಾತೂ ಬೇಕಾಗಿರಲಿಲ್ಲ, ಅವನೊಬ್ಬ ಕೈಯೆತ್ತಿದರೆ ಇಡೀ ಸಭೆ ಎತ್ತುತ್ತಿತ್ತು. ಎಲ್ಲ ಗೊತ್ತಿದ್ದ ಮನುಷ್ಯ. ಥರ್ಲೋ ಅವಳತ್ತ ಒಮ್ಮೆ ನೋಡಿದ. ಆಮೇಲೆ ಮಡಿಲಲ್ಲಿದ್ದ ವಾರ್ಷಿಕ ವರದಿಯ ಹಾಳೆ ತಿರುವಿ, ಕನ್ನಡಕ ಸರಿಮಾಡಿಕೊಂಡು ಓದತೊಡಗಿದ.

"ಅನುಮೋದನೆ ಇಲ್ಲ" ಎಂದ ಫ್ಲೆಚರ್ ಮೂರನೆಯ ಸಲ ಕೇಳಿ, ಪಾಪ, ಮೆಲ್ಲಗೆ. "ಠರಾವು ಬಿದ್ದುಹೋಯ್ತು ಆರ್ವಿಲಾ. ಕೂತ್ಕೊಳ್ಳಿ."

ಅವಳು ಕೂಡಲೇ ಕೂರಲಿಲ್ಲ. ಗೊತ್ತಿರುವ ಒಬ್ಬರು ಒಂದು ಮಾತು ಹೇಳಲಿ ಎಂದು ಜನರ ನಡುವೆ ನಿಂತು ಕಾಯುವುದು ಎಷ್ಟು ದೀರ್ಘವೆಂದು ಅವಳಿಗೆ ಈಗ ತಿಳಿಯಿತು. ಅಪ್ಪ ಆ ಶನಿವಾರ ಅಂಗಡಿಯಲ್ಲಿ ಇಷ್ಟೇ ಹೊತ್ತು ಕಾದಿದ್ದ, ಅವಳ ಮುಖವನ್ನು ಹೀಗೇ ನೋಡುತ್ತ. ಪಕ್ಕದ ಕುರ್ಚಿಯ ಹೆಂಗಸು ಸಮಾಧಾನ ಮಾಡಲು ಅವಳ ಕೈ ಹಿಡಿಯಹೋದಳು. ಆರ್ವಿಲಾ ಕೈ ಹಿಂದಕ್ಕೆ ತೆಗೆದುಕೊಂಡಳು. ಅಪ್ಪನ ಕೈಯನ್ನು ಅವತ್ತು ಯಾರೂ ಹಿಡಿದಿರಲಿಲ್ಲ.